ಜಾಲಸೇವೆಯ ಶೀಘ್ರತೆ

ಮಕ್ಕಳ ಪರೀಕ್ಷಾಫಲವನ್ನೋ ರೈಲಿನ ಟಿಕೆಟನ್ನೋ ಕೈಫೋನಿನಲ್ಲಿ ಅರಸುವ ನಮ್ಮ ವಾಚಕರಿಗೆ, ಪುಟವು ತೆರೆಯುವುದು ತಡವಾದಾಗ ಉಂಟಾಗುವ ಬೇಸರವನ್ನು ನಾವು ವರ್ಣಿಸಬೇಕಾದುದಿಲ್ಲ. ಇದಕ್ಕೆ ಯಂತ್ರದ ದೌರ್ಬಲ್ಯವೇ ಕಾರಣವೆಂದು ಅನೇಕರು ಭಾವಿಸುವರು. ಹಲವು ವೇಳೆ ದೋಷವಿರುವುದು ಯಂತ್ರದಲ್ಲಲ್ಲ, ಕೆಲಸದ ಕ್ರಮದಲ್ಲಿ.

ಆದುದರಿಂದ ಮೊದಲು ಕಾಲವನ್ನು ಅಳೆಯಬೇಕು. ಒಂದು ಪುಟಕ್ಕೆ ೨ ಸೆಕೆಂಡು ಹಿಡಿಯುವುದೆಂದೂ, ಅದರಲ್ಲಿ ೧.೮ ಸೆಕೆಂಡು ದತ್ತಾಂಶದ ಭಂಡಾರದಲ್ಲಿಯೇ ಕಳೆಯುವುದೆಂದೂ ಇಟ್ಟುಕೊಳ್ಳೋಣ. ಉಳಿದ ಕೆಲಸವನ್ನು ಎಷ್ಟು ಚುರುಕುಗೊಳಿಸಿದರೂ ೦.೨ ಸೆಕೆಂಡಿಗಿಂತ ಹೆಚ್ಚಿನ ಲಾಭವಿಲ್ಲ.

ಜಾಲಪುಟಗಳನ್ನು ಒದಗಿಸುವುದಕ್ಕೆ ಸಿದ್ಧವಾದ ಚೌಕಟ್ಟುಗಳುಂಟು. ಅವುಗಳಲ್ಲೊಂದಾದ ಜಾಂಗೋ ಎಂಬುದು ಅಮೆರಿಕೆಯ ಕಾನ್ಸಾಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ ೨೦೦೩ರಲ್ಲಿ ಹುಟ್ಟಿ, ೨೦೦೫ರಲ್ಲಿ ಲೋಕಕ್ಕೆಲ್ಲ ಉಚಿತವಾಗಿ ದೊರೆಯಿತು. ಇದರಲ್ಲಿ ನೂರು ಪುಸ್ತಕಗಳನ್ನೂ ಅವುಗಳ ಕರ್ತೃಗಳ ಹೆಸರುಗಳನ್ನೂ ತೋರಿಸಬೇಕಾಗಿದೆಯೆನ್ನೋಣ. ಅಜಾಗರೂಕತೆಯಿಂದ ಬರೆದಲ್ಲಿ, ಪಟ್ಟಿಗಾಗಿ ಒಂದು ಸಲ, ಹೆಸರುಗಳಿಗಾಗಿ ನೂರು ಸಲ, ಅಂತು ೧೦೧ ಸಲ ಭಂಡಾರವನ್ನು ವಿಚಾರಿಸಬೇಕಾಗುವುದು. ಉಪ್ಪಿಗೊಮ್ಮೆ, ಬೆಲ್ಲಕ್ಕೊಮ್ಮೆ, ಹುಣಿಸೆಗೊಮ್ಮೆ ಅಂಗಡಿಗೆ ಓಡುವ ಸಂಸಾರದ ರೀತಿಯಿದು. 'ಸೆಲೆಕ್ಟ್ ರಿಲೇಟೆಡ್' ಎಂಬ ಒಂದೇ ಅಪ್ಪಣೆಯನ್ನು ಸೇರಿಸಿದರೆ ಪಟ್ಟಿಯೂ ಹೆಸರುಗಳೂ ಒಂದೇ ವಿಚಾರಣೆಯಲ್ಲಿ ಬರುವುವು. ಇದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚಿನ ಹಣವೂ ಬೇಡ.

ಎರಡನೆಯ ಉಪಾಯವೆಂದರೆ, ಒಮ್ಮೆ ಸಿದ್ಧಪಡಿಸಿದ ಪುಟವನ್ನು ಕೆಲಕಾಲ ಕಾಪಿಟ್ಟು, ಕೇಳಿದವರಿಗೆಲ್ಲ ಅದನ್ನೇ ಕೊಡುವುದು. ಇದಕ್ಕೆ ಕ್ಯಾಷ್ ಎಂದು ಹೆಸರು. ಇಲ್ಲಿ ಬಹಳ ಎಚ್ಚರ ಬೇಕು. ಎಲ್ಲರಿಗೂ ಸಮಾನವಾದ ಸುದ್ದಿಯನ್ನು ಹೀಗೆ ಹಂಚಬಹುದು. ಒಬ್ಬರ ಲೆಕ್ಕದ ಪುಟವನ್ನು ಮತ್ತೊಬ್ಬರ ಎಲೆಗೆ ಬಡಿಸಲಾಗದು. ೨೦೧೫ರ ಡಿಸೆಂಬರ್ ೨೫ರಂದು, ಆಟಗಳನ್ನು ಮಾರುವ ಸ್ಟೀಮ್ ಎಂಬ ತಾಣದ ಮೇಲೆ ದುಷ್ಕರ್ಮಿಗಳ ದಾಳಿಯಾಯಿತು. ಹೊರೆಯನ್ನು ತಗ್ಗಿಸಲು ಮಾಡಿದ ಕ್ಯಾಷಿನ ಏರ್ಪಾಡು ತಪ್ಪಿಹೋಗಿ, ಸುಮಾರು ೩೪,೦೦೦ ಮಂದಿಯ ಖಾಸಗಿ ವಿವರಗಳು ಅನ್ಯರ ಕಣ್ಣಿಗೆ ಬಿದ್ದಿರಬಹುದೆಂದು ತಾಣದ ಒಡೆಯರೇ ಆಮೇಲೆ ಪ್ರಕಟಿಸಬೇಕಾಯಿತು.

ಬಡವನ ಹಳೆಯ ಕೈಫೋನಿಗೂ ಪುಟವು ಬೇಗನೆ ದೊರೆಯುವಂತೆ ಮಾಡುವುದು ಲೋಕೋಪಕಾರವೇ ಸರಿ. ಆದರೆ ಆತನ ಗುಟ್ಟನ್ನು ಕಾಯುವುದು ಅದಕ್ಕಿಂತ ಮೊದಲಿನ ಕರ್ತವ್ಯ. ಈ ವೃತ್ತಿಯನ್ನು ಹಿಡಿದಿರುವ ಮಕ್ಕಳು ನಮ್ಮ ವಾಚಕರ ಮನೆಗಳಲ್ಲಿಯೂ ಇದ್ದಾರೆ. ಅವರಿಗೆ ಇಷ್ಟನ್ನು ಓದಿ ಹೇಳಬೇಕೆಂದು ಕೋರುತ್ತೇವೆ.