ಅಂಕಗಳ ಹಾರ

ದೊಡ್ಡ ಸಂಖ್ಯೆಯನ್ನು ಕಂಡೊಡನೆ ಮಕ್ಕಳು ಅಂಜುವರು. ಅದರ ಗುಣಗಳನ್ನು ವಿಚಾರಿಸುವ ಬಗೆಯನ್ನು ಕಲಿಸಿದರೆ ಆ ಅಂಜಿಕೆ ತಾನಾಗಿಯೇ ಅಡಗುವುದೆಂದು ನಾವು ಬಲ್ಲೆವು.

ನಮ್ಮ ಚಿಮ್ಮನಚೋಡದ ನೆರೆಯ ಸೇಡಂ ಸೀಮೆಯ ಮಳಖೇಡವು ಹಿಂದೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು ಕ್ರಿ. ಶ. ೮೫೦ರ ಸುಮಾರಿನಲ್ಲಿ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಒಂದಕ್ಕೆ ಇಳಿಯುವ ಸಂಖ್ಯೆಯೊಂದು ಅದರಲ್ಲಿ ಬರುವುದು: ೧೨೩೪೫೬೫೪೩೨೧. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕ ಈ ಸಂಖ್ಯೆಯು ಹಾರದಂತೆ ಎತ್ತಲಿಂದ ಓದಿದರೂ ಒಂದೇ.

ಇನ್ನು ಇದರ ಕುಲವನ್ನು ವಿಚಾರಿಸೋಣ. ಬಿಡಿಸ್ಥಾನದಲ್ಲಿ ೧ ಇರುವುದರಿಂದ ಇದು ಬೆಸ ಸಂಖ್ಯೆ. ಅಂಕಗಳ ಮೊತ್ತ ೩೬. ಆದುದರಿಂದ ೯ರಿಂದ ಶೇಷವಿಲ್ಲದೆ ಭಾಗವಾಗುವುದು. ಒಂದು ಬಿಟ್ಟೊಂದು ಅಂಕವನ್ನು ಕೂಡಿದರೆ ಎರಡು ಸಾಲಿನಲ್ಲಿಯೂ ೧೮. ಆದುದರಿಂದ ೧೧ರಿಂದಲೂ ಭಾಗವಾಗುವುದು. ಇದು ೧೧೧೧೧೧ರ ವರ್ಗ. ಆ ೧೧೧೧೧೧ಾದರೋ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಬರುವುದರಿಂದ ನಮ್ಮ ಹಾರಕ್ಕೆ ಒಟ್ಟು ೨೪೩ ಭಾಜಕಗಳು. ಹೀಗೆ ಭೀಕರವಾಗಿ ತೋರಿದ ರಾಶಿಯು ಐದು ಚಿಕ್ಕ ಮಣಿಗಳಿಂದ ಪೋಣಿಸಿದುದಾಯಿತು.

ಅಂಗಡಿಯ ಲೆಕ್ಕವನ್ನು ಯಂತ್ರವೇ ಮಾಡಿ ಕೊಡುವ ಈ ಕಾಲದಲ್ಲಿ, ಕೊಟ್ಟ ಲೆಕ್ಕವನ್ನು ಪರೀಕ್ಷಿಸುವ ಬುದ್ಧಿಯು ಮನೆಯಲ್ಲಿಯೇ ಬೆಳೆಯಬೇಕು. ಅದಿಲ್ಲದವನು ಹೇಳಿದಷ್ಟನ್ನು ತೆತ್ತು ಬರಬೇಕಾದೀತು. ವಾಚಕರು ಇಂದು ಸಂಜೆ ತಮ್ಮ ಮಕ್ಕಳಿಂದ ೧೧೧೧ರ ವರ್ಗವನ್ನು ಮಾಡಿಸಲಿ. ಚಿಕ್ಕದೊಂದು ಹಾರವು ಅವರ ಕೈಯಿಂದಲೇ ಮೂಡುವುದು.