ಕಾಣದ ಕಾವಲು

ನಮ್ಮ ಸಂಘದ ವಾಚನಾಲಯದಲ್ಲಿ ಒಂದು ಸಂಜೆ ಹುಡುಗನೊಬ್ಬನು ಅಮೆರಿಕದ ಚಿತ್ರಕಥೆಯ ಪುಸ್ತಕದಲ್ಲಿ ಮುಳುಗಿದ್ದನು. ಬಣ್ಣದ ಉಡುಪಿನ ವೀರ, ಹಾರಾಟ, ಹೊಡೆದಾಟ. ದೊಡ್ಡವರು ನಕ್ಕರು, ನಾವೂ ನಕ್ಕೆವು. ಹುಡುಗನು ತಲೆಯೆತ್ತಿ, “ಇವನೂ ನಮ್ಮಪ್ಪನ ಹಾಗೆ ನೈಟ್ ಡ್ಯೂಟಿಯ ವಾಚ್‌ಮನ್ ಆಗಿದ್ದವನು” ಎಂದನು. ನಗು ಅಲ್ಲಿಗೆ ನಿಂತಿತು. ಪುಸ್ತಕವನ್ನು ಕೇಳಿ ಪಡೆದು ಓದಿದೆವು.

ಆ ವೀರನ ಹೆಸರು ಬೂಸ್ಟರ್ ಗೋಲ್ಡ್. ಡ್ಯಾನ್ ಜರ್ಗನ್ಸ್ ಎಂಬ ಲೇಖಕ-ಚಿತ್ರಕಾರರು ಸೃಷ್ಟಿಸಿದ ಈ ಪಾತ್ರದ ಮೊದಲ ಮಾಲೆಯು 1986ರಲ್ಲಿ ಡಿ.ಸಿ. ಕಾಮಿಕ್ಸ್ ಪ್ರಕಾಶನದಿಂದ ನಡೆಯಿತು. ಕಥೆಯಂತೆ ಇವನು 25ನೆಯ ಶತಮಾನದ ಮೈಕೆಲ್ ಕಾರ್ಟರ್ ಎಂಬ ಆಟಗಾರ. ಜೂಜಿನ ಹಣಕ್ಕಾಗಿ ಪಂದ್ಯವನ್ನು ಬಿಟ್ಟುಕೊಟ್ಟು ಮಾನ ಕಳೆದುಕೊಂಡವನು. ಹೊಟ್ಟೆಪಾಡಿಗೆ ವಸ್ತುಸಂಗ್ರಹಾಲಯವೊಂದರ ರಾತ್ರಿ ಕಾವಲಿಗೆ ಸೇರಿದನು. ಅಲ್ಲಿದ್ದ ಹಳೆಯ ಸಲಕರಣೆಗಳನ್ನು ಕದ್ದು, ಕಾಲಯಂತ್ರವನ್ನೇರಿ 20ನೆಯ ಶತಮಾನಕ್ಕೆ ಬಂದು ವೀರನೆನಿಸಿಕೊಂಡನು. ಬಂದದ್ದು ಕೀರ್ತಿಗಾಗಿ, ಜಾಹೀರಾತಿನ ಹಣಕ್ಕಾಗಿ. ಜನರು ಅವನನ್ನು ಬಡಾಯಿಕೋರನೆಂದರು. ಹಾಗೆಂದದ್ದು ತಪ್ಪೂ ಅಲ್ಲ.

2007ರಲ್ಲಿ ಆರಂಭವಾದ ಹೊಸ ಮಾಲೆಯಲ್ಲಿ ಕಥೆಯು ಬೇರೆ ದಾರಿ ಹಿಡಿಯುತ್ತದೆ. ರಿಪ್ ಹಂಟರ್ ಎಂಬ ಕಾಲಯಾತ್ರಿಯು ಇವನಿಗೆ ಒಂದು ಕೆಲಸವನ್ನು ಒಪ್ಪಿಸುತ್ತಾನೆ. ಇತಿಹಾಸವನ್ನು ಕೆಡಿಸಲು ಹವಣಿಸುವವರಿಂದ ಕಾಲವನ್ನು ಕಾಯಬೇಕು, ಆದರೆ ಅದು ಯಾರಿಗೂ ತಿಳಿಯಕೂಡದು. ತಿಳಿದರೆ ವೈರಿಗಳು ಹಿಂದಿನ ಕಾಲಕ್ಕೇ ಹೋಗಿ ಇವನನ್ನು ಮೊಳಕೆಯಲ್ಲಿ ಚಿವುಟುವರು. ಆದುದರಿಂದ ಲೋಕದ ಕಣ್ಣಿಗೆ ಇವನು ಹಿಂದಿನ ಕೋಡಂಗಿಯಾಗಿಯೇ ಉಳಿಯಬೇಕು. ಕೀರ್ತಿಗಾಗಿ ಕಾಲವನ್ನೇ ದಾಟಿ ಬಂದವನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಯಾವುದುಂಟು?

ಸೋಲುಗಳೂ ಕಡಮೆಯಿಲ್ಲ. ಬಾರ್ಬರಾ ಗಾರ್ಡನ್ ಎಂಬ ತರುಣಿಗೆ ಗುಂಡೇಟು ತಗಲುವುದನ್ನು ತಪ್ಪಿಸಲು ಮತ್ತೆ ಮತ್ತೆ ಅದೇ ಗಳಿಗೆಗೆ ಹಿಂದಿರುಗುತ್ತಾನೆ, ಪ್ರತಿ ಸಲವೂ ಪೆಟ್ಟು ತಿಂದು ಬೀಳುತ್ತಾನೆ. ಸತ್ತ ಗೆಳೆಯ ಟೆಡ್ ಕಾರ್ಡ್‌ನನ್ನು ಸಾವಿನ ಬಾಯಿಂದ ಎಳೆದು ತರುತ್ತಾನೆ. ಅದರಿಂದ ಲೋಕವೇ ಹದಗೆಟ್ಟಾಗ, ಆ ಗೆಳೆಯನು ತಾನಾಗಿ ಸಾವಿನ ಕಡೆಗೆ ಮರಳಿ ಹೆಜ್ಜೆ ಹಾಕುತ್ತಾನೆ. ಇಷ್ಟಾದರೂ ಬೂಸ್ಟರನು ಕೆಲಸ ಬಿಡುವುದಿಲ್ಲ. ಏಕೆ? ಚಪ್ಪಾಳೆ ಇದೆಯೆಂದಲ್ಲ. ತಾನು ಎದ್ದುಹೋದರೆ ಆ ಜಾಗವು ಬರಿದಾಗುವುದೆಂಬ ಅರಿವಿನಿಂದ. ಬಹುದಿನಗಳ ಮೇಲೆ ಒಬ್ಬನಿಗೆ, ಬ್ಯಾಟ್‌ಮನ್‌ಗೆ, ಬಾರ್ಬರಾಳಿಗಾಗಿ ಇವನು ಪಟ್ಟ ಪಾಡು ತಿಳಿಯುತ್ತದೆ. ಅವನು ಕೃತಜ್ಞತೆ ಹೇಳುತ್ತಾನೆ. ಊರಿಗೆಲ್ಲ ತಿಳಿಯಬೇಕಾಗಿಲ್ಲ, ಒಬ್ಬನಿಗೆ ತಿಳಿದರೆ ಮನುಷ್ಯನ ಬೆನ್ನು ನೇರವಾಗುತ್ತದೆ.

ಇದು ಕಟ್ಟುಕಥೆಯೇ ಸರಿ. ಆದರೆ ನಮ್ಮ ಮುಂಬಯಿಯಲ್ಲಿ ಇಂಥವರು ಎಷ್ಟಿಲ್ಲ! ಲೋಕಲ್ ಗಾಡಿಗಳು ನಿಂತಿರುವ ಆ ಕೆಲವೇ ತಾಸುಗಳಲ್ಲಿ ಹಳಿಯನ್ನು ತಟ್ಟಿ ನೋಡುವವನು, ಊರು ಏಳುವ ಮುನ್ನ ಹೋಟೆಲಿನ ಒಲೆ ಹಚ್ಚುವವನು, ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳಗು ಮಾಡುವ ಕಾವಲುಗಾರ. ಇವರ ಕೆಲಸವು ಚೆನ್ನಾಗಿ ನಡೆದರೆ ಏನೂ ನಡೆಯುವುದಿಲ್ಲ. ಕಳವು ಆಗದ ರಾತ್ರಿಯನ್ನೂ ಹಳಿ ತಪ್ಪದ ಗಾಡಿಯನ್ನೂ ಯಾವ ಪತ್ರಿಕೆಯು ಅಚ್ಚು ಹಾಕುತ್ತದೆ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನಾವು ಕಾರ್ಮಿಕರ ಪತ್ರಿಕೆಯೆನಿಸಿಕೊಳ್ಳಲು ಅರ್ಹರಲ್ಲ. ನಿಷ್ಕಾಮ ಕರ್ಮದ ಉಪದೇಶವನ್ನು ಮಾಲೀಕರು ಬಹಳ ಮೆಚ್ಚುತ್ತಾರೆ. ಹೊಗಳಿಕೆಯನ್ನು ಬಯಸದವನು ಓವರ್‌ಟೈಮನ್ನೂ ಬಯಸನೆಂದು ಅವರ ಲೆಕ್ಕ! ಕಥೆಯ ವೀರನು ಹೆಸರನ್ನು ಮರೆಸಿದ್ದು ಕೆಲಸದ ಅಗತ್ಯದಿಂದ. ನಮ್ಮ ಕಾವಲುಗಾರನ ಹೆಸರು ಮರೆಯಾದದ್ದು ಯಾರೂ ಕೇಳದ್ದರಿಂದ. ಎರಡೂ ಒಂದೇ ಅಲ್ಲ. 1981ರಲ್ಲಿ ಮಹಾರಾಷ್ಟ್ರವು ಖಾಸಗಿ ಕಾವಲುಗಾರರ ಉದ್ಯೋಗ ಮತ್ತು ಕಲ್ಯಾಣಕ್ಕೆಂದೇ ಶಾಸನವೊಂದನ್ನು ಮಾಡಿ, ಮಂಡಳಿಗಳಿಗೆ ದಾರಿ ತೆರೆಯಿತು. ಕಾಣದ ಕೆಲಸಕ್ಕೂ ಲೆಕ್ಕವಿರಬೇಕೆಂಬುದೇ ಅದರ ತಾತ್ಪರ್ಯ. ಹೊಗಳಿಕೆಯಿಲ್ಲದೆ ದುಡಿಯುವುದು ದೊಡ್ಡತನ, ಹಕ್ಕಿಲ್ಲದೆ ದುಡಿಸುವುದು ಅನ್ಯಾಯ.

ಪರರನ್ನು ಆಡಿದೆವು, ನಮ್ಮನ್ನೂ ಆಡಿಕೊಳ್ಳೋಣ. ಈ ಪತ್ರಿಕೆಯಲ್ಲಿ ದಾನಿಗಳ ಭಾವಚಿತ್ರಗಳು ಬಂದಿವೆ, ಅಧ್ಯಕ್ಷರ ಹಾರತುರಾಯಿಗಳು ಬಂದಿವೆ. ಸಭೆ ಮುಗಿದ ಮೇಲೆ ಕುರ್ಚಿ ಮಡಚಿ, ದೀಪವಾರಿಸಿ, ಬೀಗ ಹಾಕಿ, ಕೊನೆಯ ಗಾಡಿ ಹಿಡಿಯಲು ಓಡುವ ಸದಸ್ಯರ ಹೆಸರು ಒಮ್ಮೆಯೂ ಬಂದಿಲ್ಲ. ತಪ್ಪು ನಮ್ಮದು. ಮುಂದಿನ ಸಂಚಿಕೆಯಿಂದ ಅಂಥವರಲ್ಲಿ ಒಬ್ಬರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಮೊದಲ ಪುಟದಲ್ಲಿಯೇ ಅಚ್ಚು ಹಾಕುವೆವು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಇಂದು ರಾತ್ರಿ ಮನೆಗೆ ಹಿಂದಿರುಗುವಾಗ ಗೇಟಿನ ಬಳಿ ಒಂದು ಗಳಿಗೆ ನಿಂತು, ಅಲ್ಲಿರುವವನ ಹೆಸರನ್ನು ಕೇಳಿರಿ. ಸಂಬಳವು ಹೊತ್ತಿಗೆ ಸರಿಯಾಗಿ ಕೈಸೇರುತ್ತಿದೆಯೇ ಎಂಬುದನ್ನೂ ಕೇಳಿರಿ.