ಒಂದೇ ನಳಿಗೆ, ಎರಡು ಈಡು
ರಿವಾಲ್ವರ್ ಎಂದರೆ ನಮಗೆ ಸ್ಯಾಮುಯೆಲ್ ಕೋಲ್ಟ್ ನೆನಪಾಗುತ್ತಾನೆ. ತಿರುಗುವ ಗುಂಡಿನ ಗೂಡಿಗೆ ಅವನು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಮತ್ತೆ ಮದ್ದು ತುಂಬದೆ ಎರಡನೇ ಈಡು ಹಾರಿಸುವ ಆಸೆ ಮಾತ್ರ ಅದಕ್ಕಿಂತ ಬಹಳ ಹಳೆಯದು, ಅದು ಶ್ರೀರಂಗಪಟ್ಟಣದ ಕಮ್ಮಟಗಳಿಗೂ ಬಂದಿತ್ತು. ಅಲ್ಲಿಂದ ಮೈಸೂರನ್ನು ಆಳಿದ ಟಿಪ್ಪು ಸುಲ್ತಾನನ ಖಾಸಾ ಕೋವಿಯೊಂದು 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿಗೆ ಬಂದಿತು. ಅದರ ಒಂದೇ ನಳಿಗೆಯೊಳಗೆ ಎರಡು ಈಡುಗಳನ್ನು ಒಂದರ ಮೇಲೊಂದು ತುಂಬಬಹುದು: ಮುಂದಿನದು ಮೊದಲು ಹಾರಬೇಕು, ಹಿಂದಿನ ಗುಂಡು ಅಷ್ಟು ಹೊತ್ತು ತನ್ನ ಮದ್ದಿಗೆ ಬಿರಡೆಯಾಗಿ ನಿಲ್ಲಬೇಕು. ಕಿಡಿ ಸಂದಿಯಲ್ಲಿ ನುಸುಳಿತೋ, ಎರಡೂ ಒಟ್ಟಿಗೆ ಸಿಡಿಯುತ್ತವೆ. ಹಿಡಿದವನ ಗತಿ ದೇವರಿಗೇ ಪ್ರೀತಿ. ಉಪಾಯವೇನೂ ಟಿಪ್ಪುವಿನದಲ್ಲ, ಯೂರೋಪಿನವರು ಮೊದಲೇ ಮಾಡಿ ನೋಡಿದ್ದರು. ಆದರೆ ಅಲಂಕಾರ ಅಪ್ಪಟ ಶ್ರೀರಂಗಪಟ್ಟಣದ್ದು. ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಕೊಕ್ಕೆಯೇ ಹುಲಿಯ ರೂಪ ತಾಳುತ್ತದೆ, ನಳಿಗೆಯ ಮೇಲೆ ಹುಲಿಪಟ್ಟೆ ಓಡುತ್ತದೆ. ಜೋಡಿ ಪಿಸ್ತೂಲು ಮಾಡಿದರೆ ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ ಚಕಮಕಿಯ ಕೀಲು. ಸೈಯದ್ ಮಾಸೂಮ್‌ನಂಥ ಕುಶಲಕರ್ಮಿಗಳು ತಮ್ಮ ಹೆಸರನ್ನೂ ಕೆತ್ತಿದ್ದಾರೆ, ಜೊತೆಗೆ ಟಿಪ್ಪು ಜಾರಿಗೆ ತಂದ ಮೌಲೂದಿ ಶಕದ ವರ್ಷವನ್ನೂ. ದೊರೆಯ ಆಯುಧದ ಮೇಲೆ ಕಸುಬುದಾರನಿಗೆ ಸಿಕ್ಕ ಈ ಜಾಗ ನನಗೆ ಹುಲಿಗಿಂತ ದೊಡ್ಡದಾಗಿ ಕಾಣುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ಕೈಗೆ ಬಿದ್ದ ಮೇಲೆ ಈ ಕೋವಿಗಳು ಲೂಟಿಯಾಗಿ ಹಡಗು ಹತ್ತಿದವು. ರಾಬಿನ್ ವಿಗಿಂಗ್ಟನ್ ಎಂಬ ಆಂಗ್ಲ ಸಂಗ್ರಾಹಕ ಇವುಗಳ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದ.